ಪಂಚಾಯಿತಿಯ ಬೇಡಿಕೆ ವಿಧಾನಸೌಧಕ್ಕೆ ಮುಟ್ಟುವುದು ಹೇಗೆ?



ವಾರದ ಸಭೆಯಲ್ಲಿ ಉಳಿತಾಯ, ಸಾಲದ ಕಂತು ಎಲ್ಲ ಮುಗಿದ ಮೇಲೆ ಊರಿನ ಮಾತು ಬಂದೇ ಬರುತ್ತದೆ. ನಲ್ಲಿಯಲ್ಲಿ ನೀರಿಲ್ಲ, ಬೀದಿದೀಪ ಕೆಟ್ಟು ತಿಂಗಳಾಯ್ತು. ನಮ್ಮಲ್ಲೇ ಒಬ್ಬರು ಪಂಚಾಯಿತಿ ಸದಸ್ಯೆ ಆಗಿದ್ದರೆ ಎಲ್ಲರೂ ಅವರನ್ನೇ ಹಿಡಿದು ಕೇಳುತ್ತೇವೆ. "ನನ್ನ ಕೈಯಲ್ಲಿ ಏನಿದೆ ಅಕ್ಕಾ?" ಅಂದರೆ ನಮಗೆ ಸಿಟ್ಟು ಬರುತ್ತದೆ. ಆದರೆ ಕೆಲವು ಸಲ ಅವರು ಹೇಳುವುದು ನಿಜ. ಯಾಕೆ ಎಂದು ತಿಳಿದುಕೊಳ್ಳೋಣ.

ಅಧಿಕಾರ ಎಲ್ಲಿಂದ ಬರುತ್ತದೆ?

ಸಂವಿಧಾನದ 73ನೇ ತಿದ್ದುಪಡಿ 1993ರ ಏಪ್ರಿಲ್ 24ರಂದು ಜಾರಿಗೆ ಬಂತು. ಕುಡಿಯುವ ನೀರು, ರಸ್ತೆ, ವಸತಿ, ಮಹಿಳೆ ಮತ್ತು ಮಕ್ಕಳ ಅಭಿವೃದ್ಧಿ ಹೀಗೆ 29 ವಿಷಯಗಳ ಪಟ್ಟಿ ಅದರಲ್ಲಿದೆ. ಆದರೆ ಈ ಅಧಿಕಾರಗಳನ್ನು ರಾಜ್ಯದ ಶಾಸನಸಭೆ ಪಂಚಾಯಿತಿಗಳಿಗೆ 'ಕೊಡಬಹುದು' ಎಂದಿದೆ, 'ಕೊಡಲೇಬೇಕು' ಎಂದಿಲ್ಲ. ಪಂಚಾಯಿತಿ ಯಾವ ತೆರಿಗೆ ಹಾಕಬಹುದು, ಅಧ್ಯಕ್ಷರು ಎಷ್ಟು ಕಾಲ ಇರಬೇಕು ಎಂಬುದೆಲ್ಲ ತೀರ್ಮಾನವಾಗುವುದು ರಾಜ್ಯದ ಕಾಯ್ದೆಯಲ್ಲಿ. ನಮ್ಮಲ್ಲಿ ಅದು 1993ರ ಪಂಚಾಯತ್ ರಾಜ್ ಕಾಯ್ದೆ. ಈಗ ಅದರ ಹೆಸರು ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಕಾಯ್ದೆ.

ಕಾಯ್ದೆ ಬದಲಾಗುತ್ತದೆ

ಅಬ್ದುಲ್ ನಜೀರ್ ಸಾಬ್ ಅವರು ಮಂತ್ರಿಯಾಗಿದ್ದಾಗ ತಂದ 1983ರ ಕಾಯ್ದೆಯಲ್ಲೇ ಮಹಿಳೆಯರಿಗೆ ಶೇ. 25 ಮೀಸಲಾತಿ ಇತ್ತು. 73ನೇ ತಿದ್ದುಪಡಿ ಅದನ್ನು ಮೂರನೇ ಒಂದು ಭಾಗಕ್ಕೆ ಏರಿಸಿತು. 2010ರಲ್ಲಿ ಕರ್ನಾಟಕ ಶೇ. 50 ಮಾಡಿತು.

ಕೊಟ್ಟದ್ದು ಹಿಂದಕ್ಕೂ ಹೋಗುತ್ತದೆ. ಮೀಸಲು ಸ್ಥಾನ ಐದು ವರ್ಷಕ್ಕೊಮ್ಮೆ ಬದಲಾದರೆ, ಹೆಂಗಸು ಕೆಲಸ ಕಲಿಯುವ ಹೊತ್ತಿಗೆ ಸ್ಥಾನ ಇನ್ನೊಬ್ಬರ ಪಾಲಾಗುತ್ತದೆ. ಅದಕ್ಕೇ 2015ರ ತಿದ್ದುಪಡಿಯಲ್ಲಿ ಮೀಸಲಾತಿಯನ್ನು ಹತ್ತು ವರ್ಷಕ್ಕೆ, ಅಧ್ಯಕ್ಷರ ಅವಧಿಯನ್ನು ಐದು ವರ್ಷಕ್ಕೆ ಹೆಚ್ಚಿಸಿದ್ದರು. 2020ರಲ್ಲಿ ಮತ್ತೊಂದು ತಿದ್ದುಪಡಿ ಬಂದು ಮೀಸಲಾತಿ ಪುನಃ ಐದು ವರ್ಷಕ್ಕೆ, ಅಧ್ಯಕ್ಷರ ಅವಧಿ 30 ತಿಂಗಳಿಗೆ ಇಳಿಯಿತು. ಇದರ ಬಗ್ಗೆ ನಮ್ಮಲ್ಲಿ ಎಷ್ಟು ಸಂಘಗಳು ಚರ್ಚೆ ಮಾಡಿದ್ದೆವು? ನಾವು ಸುಮ್ಮನಿದ್ದರೆ ನಮಗೆ ಒಪ್ಪಿಗೆ ಇದೆ ಅಂದುಕೊಳ್ಳುತ್ತಾರೆ.

ಮೊದಲು ಏನು ಕೇಳಬೇಕು?

ಎಲ್ಲವನ್ನೂ ಒಟ್ಟಿಗೆ ಕೇಳಿದರೆ ಯಾವುದೂ ಸಿಗುವುದಿಲ್ಲ. ನಮಗೆ ಮುಖ್ಯ ಅನ್ನಿಸಿದ ಮೂರು ಇಲ್ಲಿವೆ:

1. ಮಹಿಳಾ ಮೀಸಲು ಸ್ಥಾನ ಎರಡು ಅವಧಿಗೆ ಇರಲಿ.

2. ಪಂಚಾಯಿತಿಗೆ ಹೊಸ ಕೆಲಸ ಒಪ್ಪಿಸುವಾಗ ಅದಕ್ಕೆ ಬೇಕಾದ ಹಣ, ಸಿಬ್ಬಂದಿಯನ್ನೂ ಕೊಡಲಿ. ಸೊಸೆಗೆ ಅಡುಗೆ ಮಾಡು ಎಂದು ಹೇಳಿ ಅಕ್ಕಿ ಡಬ್ಬದ ಬೀಗ ಅತ್ತೆ ಇಟ್ಟುಕೊಂಡರೆ ಊಟ ಆಗುತ್ತದೆಯೇ?

3. ಚುನಾವಣೆ ಹೊತ್ತಿಗೆ ಸರಿಯಾಗಿ ನಡೆಯಲಿ. ಐದು ವರ್ಷ ಮುಗಿಯುವ ಮೊದಲೇ ಚುನಾವಣೆ ಆಗಬೇಕೆಂದು ಸಂವಿಧಾನ ಹೇಳುತ್ತದೆ. ಆದರೂ 2021ರಲ್ಲಿ ಅವಧಿ ಮುಗಿದ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳು ವರ್ಷಗಟ್ಟಲೆ ಚುನಾವಣೆ ಇಲ್ಲದೆ ಅಧಿಕಾರಿಗಳ ಕೈಯಲ್ಲಿ ಉಳಿದವು. ಚುನಾವಣೆಯೇ ಇಲ್ಲದಿದ್ದರೆ ಶೇ. 50 ಮೀಸಲಾತಿ ಬರೀ ಕಾಗದದ ಮೇಲೆ.

ಹೇಗೆ ಕೇಳಬೇಕು?

ಮೊದಲು ಸಂಘದಲ್ಲಿ ಮಾತಾಡಿ ಒಂದು ಪುಟದಲ್ಲಿ ಬರೆಯಿರಿ. ವಾರ್ಡ್ ಸಭೆಗೆ ಒಟ್ಟಾಗಿ ಹೋಗಿ. ಬಂದವರಲ್ಲಿ ಆದಷ್ಟು ಮಟ್ಟಿಗೆ ಶೇ. 30 ಮಹಿಳೆಯರು ಇರಬೇಕೆಂದು ಕಾಯ್ದೆಯೇ ಹೇಳುತ್ತದೆ. ಅಲ್ಲಿಂದ ಗ್ರಾಮಸಭೆಗೆ ತನ್ನಿ. ಬಾಯಿಮಾತು ಸಾಲದು, ಠರಾವು ಪುಸ್ತಕದಲ್ಲಿ ಬರೆಸಬೇಕು, ಓದಿಸಿ ಕೇಳಬೇಕು, ಪ್ರತಿ ಪಡೆಯಬೇಕು. ಅದನ್ನು ಶಾಸಕರಿಗೂ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೂ ಕಳಿಸಿ.

ಇನ್ನೊಂದು ವಿಷಯ ನಮ್ಮಲ್ಲಿ ಅನೇಕರಿಗೆ ಗೊತ್ತಿಲ್ಲ. ವಿಧಾನ ಪರಿಷತ್ತಿನ 75 ಸದಸ್ಯರಲ್ಲಿ 25 ಮಂದಿಯನ್ನು ಆರಿಸುವವರು ಸ್ಥಳೀಯ ಸಂಸ್ಥೆಗಳ ಸದಸ್ಯರು. ಗ್ರಾಮ ಪಂಚಾಯಿತಿ ಸದಸ್ಯೆಗೂ ಅಲ್ಲಿ ಓಟು ಇದೆ. ಓಟು ಕೇಳಲು ಬಂದಾಗ ಈ ಪಟ್ಟಿ ಅವರ ಕೈಗೆ ಕೊಡಬಹುದಲ್ಲವೇ?

ಗ್ರಾಮಸಭೆಯ ಒಂದು ಠರಾವಿನಿಂದ ಕಾಯ್ದೆ ಬದಲಾಗುವುದಿಲ್ಲ. ಮಸೂದೆ ಎರಡೂ ಸದನ ದಾಟಿ ರಾಜ್ಯಪಾಲರ ಅಂಕಿತ ಪಡೆಯಬೇಕು. ಆದರೆ ಒಂದೇ ಮಾತು ನೂರು ಗ್ರಾಮಸಭೆಗಳಿಂದ ಬಂದರೆ ಕೇಳದೆ ಇರುವುದು ಕಷ್ಟ. ಹತ್ತು ಹತ್ತು ರೂಪಾಯಿ ಕೂಡಿಸಿ ಸಂಘ ಕಟ್ಟಿದ ನಮಗೆ ಇದನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ.

ಸಂಘದಲ್ಲಿ ಚರ್ಚಿಸಿ:

- ನಮ್ಮ ಊರಿನ ಯಾವ ತೊಂದರೆ ಪಂಚಾಯಿತಿಯಲ್ಲೇ ಬಗೆಹರಿಯುತ್ತದೆ? ಯಾವುದಕ್ಕೆ ಕಾಯ್ದೆ ಬದಲಾಗಬೇಕು?
- ಕಳೆದ ಗ್ರಾಮಸಭೆಗೆ ನಮ್ಮ ಸಂಘದಿಂದ ಎಷ್ಟು ಜನ ಹೋಗಿದ್ದೆವು? ಮುಂದಿನ ಸಭೆಗೆ ಎಷ್ಟು ಜನ ಹೋಗ್ತೇವೆ?