ಸರಕಾರಿ ಶಾಲೆಯ ಅನುದಾನ: ಪೋಷಕರ ಮಾತಿಗೆ ಕಾನೂನಿನಲ್ಲೇ ಸ್ಥಾನವಿದೆ

ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ತಾಲೂಕುಗಳು ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಗೆ ಸೇರಿವೆ. ಈ ಭಾಗದ ಅನೇಕ ರೈತ ಕುಟುಂಬಗಳು ಊರಿನಿಂದ ದೂರ, ತಮ್ಮ ತೋಟಗಳಲ್ಲೇ ವಾಸವಾಗಿವೆ. ಅವರ ಮಕ್ಕಳಿಗಾಗಿ ಆರಂಭವಾದ ಸಣ್ಣ ಸರಕಾರಿ ಶಾಲೆಗಳನ್ನು ಜನರು ‘ತೋಟದ ಶಾಲೆ’ ಎಂದೇ ಕರೆಯುತ್ತಾರೆ. ಅನುದಾನದಲ್ಲಿ ನ್ಯಾಯದ ಪ್ರಶ್ನೆ ಎದ್ದು ಕಾಣುವುದು ಇಂತಹ ಶಾಲೆಗಳಲ್ಲಿ.

ಹಣ ಹಂಚುವುದು ಹೇಗೆ?

ಸಮಗ್ರ ಶಿಕ್ಷಣ ಯೋಜನೆಯ 2021ರ ಮಾರ್ಗಸೂಚಿಯು ಶಾಲೆಯ ವಾರ್ಷಿಕ ಅನುದಾನವನ್ನು ಮಕ್ಕಳ ಸಂಖ್ಯೆಯ ಮೇಲೆ ನಿಗದಿಪಡಿಸಿತು. 30 ಮಕ್ಕಳವರೆಗೆ 10,000 ರೂಪಾಯಿ, 31ರಿಂದ 100ರವರೆಗೆ 25,000, 101ರಿಂದ 250ರವರೆಗೆ 50,000, 251ರಿಂದ 1,000ದವರೆಗೆ 75,000, ಅದಕ್ಕೂ ಮೇಲ್ಪಟ್ಟರೆ ಒಂದು ಲಕ್ಷ. ಇದರಲ್ಲಿ ಕನಿಷ್ಠ ಶೇ. 10ರಷ್ಟು ಸ್ವಚ್ಛತೆಗೆ ಮೀಸಲು.

30 ಮಕ್ಕಳ ಶಾಲೆಗೆ ಇನ್ನೊಂದು ಮಗು ಸೇರಿದರೆ ಅನುದಾನ ಎರಡೂವರೆ ಪಟ್ಟಾಗುತ್ತದೆ. ಆದರೆ ಸೋರುವ ಮಾಡಿನ ದುರಸ್ತಿಯ ಖರ್ಚು ಮಕ್ಕಳು ಕಡಿಮೆಯಿದ್ದಾರೆಂದು ಇಳಿಯುವುದಿಲ್ಲ. 2019ರ ಆಗಸ್ಟ್‌ನಲ್ಲಿ ಘಟಪ್ರಭಾ ನದಿ ಉಕ್ಕಿ ಗೋಕಾಕ, ಮೂಡಲಗಿ ಭಾಗದ ಹಳ್ಳಿಗಳಿಗೆ ನುಗ್ಗಿತು. ನದಿದಂಡೆಯ ಶಾಲೆಯ ಕಷ್ಟವೂ ಹಾಜರಿ ಪುಸ್ತಕದಲ್ಲಿ ಕಾಣಿಸುವುದಿಲ್ಲ.

ತಾಲೂಕುವಾರು ಲೆಕ್ಕದಲ್ಲಿಯೂ ಇದೇ ತೊಡಕು. ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯು 2002ರ ವರದಿಯಲ್ಲಿ ಆಗಿನ 175 ತಾಲೂಕುಗಳ ಹಿಂದುಳಿಯುವಿಕೆಯನ್ನು ಅಳೆದಾಗ ಮೂಡಲಗಿ ಪ್ರತ್ಯೇಕ ತಾಲೂಕಾಗಿರಲಿಲ್ಲ. ಸರಾಸರಿಯೊಳಗೆ ಒಂದೊಂದು ಶಾಲೆಯ ಕೊರತೆ ಅಡಗಿಹೋಗುತ್ತದೆ.

ಕಾನೂನು ಕೊಟ್ಟ ಅವಕಾಶ

ಕೊರತೆಯನ್ನು ಶಾಲೆಯ ಮಟ್ಟದಲ್ಲೇ ಹೇಳಲು ಶಿಕ್ಷಣ ಹಕ್ಕು ಕಾಯಿದೆ-2009 ದಾರಿ ಮಾಡಿದೆ. ಕಲಂ 21ರ ಪ್ರಕಾರ ಶಾಲಾ ಸಮಿತಿಯ ಮುಕ್ಕಾಲು ಪಾಲು ಸದಸ್ಯರು ಪೋಷಕರಾಗಿರಬೇಕು. ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು. ನಮ್ಮ ರಾಜ್ಯದಲ್ಲಿ 2001ರಿಂದಲೇ ಇರುವ ಎಸ್‌ಡಿಎಂಸಿ ಈ ಕೆಲಸ ಮಾಡುತ್ತದೆ. ಕಲಂ 22ರ ಪ್ರಕಾರ ಸಮಿತಿಯು ಶಾಲಾ ಅಭಿವೃದ್ಧಿ ಯೋಜನೆ ಸಿದ್ಧಪಡಿಸಬೇಕು. ಸರಕಾರದ ಯೋಜನೆ ಮತ್ತು ಅನುದಾನಕ್ಕೆ ಅದೇ ಆಧಾರವಾಗಬೇಕು. ಯೋಜನೆ ಕೇವಲ ಮುಖ್ಯೋಪಾಧ್ಯಾಯರು ಭರ್ತಿ ಮಾಡುವ ಫಾರಂ ಆದರೆ ಪೋಷಕರ ಧ್ವನಿ ಅಲ್ಲಿಗೇ ನಿಲ್ಲುತ್ತದೆ.

ಪೋಷಕರು ಮಾಡಬಹುದಾದದ್ದು

ಕಾಯಿದೆಯ ಅನುಸೂಚಿಯನ್ನು ಮುಂದಿಟ್ಟುಕೊಂಡು ಶಾಲೆಯನ್ನು ಒಮ್ಮೆ ಸುತ್ತಿ ನೋಡಬೇಕು. 60 ಮಕ್ಕಳವರೆಗಿನ ಕಿರಿಯ ಪ್ರಾಥಮಿಕ ಶಾಲೆಗೆ ಇಬ್ಬರು ಶಿಕ್ಷಕರಿದ್ದಾರೆಯೇ? ಬಾಲಕ ಬಾಲಕಿಯರಿಗೆ ಪ್ರತ್ಯೇಕ ಶೌಚಾಲಯ, ಕುಡಿಯುವ ನೀರು, ಅಡುಗೆ ಕೋಣೆ, ಆಟದ ಬಯಲು, ಕಾಂಪೌಂಡು, ಗ್ರಂಥಾಲಯ ಇವೆಯೇ? ಇಲ್ಲದ್ದನ್ನು ಅಂದಾಜು ಖರ್ಚಿನೊಂದಿಗೆ ಯೋಜನೆಯಲ್ಲಿ ಬರೆಸಬೇಕು. ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕಾದ ಗ್ರಾಮಸಭೆಯಲ್ಲಿ ಅದನ್ನು ಓದಿ, ನಡಾವಳಿ ಪುಸ್ತಕದಲ್ಲಿ ದಾಖಲಿಸಬೇಕು. ಒಂದು ಪ್ರತಿಯನ್ನು ಕ್ಷೇತ್ರ ಶಿಕ್ಷಣಾಧಿಕಾರಿಗೆ ಕೊಟ್ಟು ಸ್ವೀಕೃತಿ ಪಡೆಯಬೇಕು. ಬಾಯಿಮಾತಿನ ಬೇಡಿಕೆ ಅಧಿಕಾರಿ ವರ್ಗವಾದೊಡನೆ ಮರೆತುಹೋಗುತ್ತದೆ. ಬರವಣಿಗೆಯಲ್ಲಿದ್ದುದಕ್ಕೆ ಉತ್ತರ ಕೇಳಬಹುದು.

ಮಕ್ಕಳ ಸಂಖ್ಯೆ ಇಳಿಯುತ್ತಿರುವ ಸರಕಾರಿ ಶಾಲೆಗಳು ನಮ್ಮ ಕರಾವಳಿಯಲ್ಲೂ ಇವೆ. ಕಾನೂನು ಎಲ್ಲೆಡೆಗೂ ಒಂದೇ. ನಮ್ಮ ಧರ್ಮಕೇಂದ್ರಗಳ ಅನೇಕ ಕುಟುಂಬಗಳ ಮಕ್ಕಳೂ ಅಲ್ಲಿಯೇ ಓದುತ್ತಾರೆ. ಕೂಲಿ ಬಿಟ್ಟು ಸಭೆಗೆ ಬರಲಾಗದ ತಾಯಂದಿರಿಗಾಗಿ ಸಭೆಯನ್ನು ಸಂಜೆಗೆ ಇಡುವುದು, ಓದುಬರಹ ಬಾರದವರಿಗೆ ಅರ್ಜಿ ಬರೆದುಕೊಡುವುದು ನಮ್ಮ ಕಾರ್ಯಕರ್ತರಿಂದ ಆಗುವ ಕೆಲಸ. ಮುಂದಿನ ಎಸ್‌ಡಿಎಂಸಿ ಸಭೆ ಎಂದು ಎಂಬುದನ್ನು ಶಾಲೆಯಲ್ಲಿ ಇಂದೇ ವಿಚಾರಿಸಿರಿ.