ಗದ್ದೆಯ ಔಷಧಿ, ಬಸುರಿಯ ಸಕ್ಕರೆ

ಗಂಜಾಮಿನ ಅಂಜೂರದ ತೋಟಗಳನ್ನು ದಾಟಿ ನಾಲೆಯ ಏರಿ ಹಿಡಿದು ನಡೆದರೆ, ನಾಟಿಯ ದಿನಗಳಲ್ಲಿ ಕಣ್ಣಿಗೆ ಬೀಳುವ ನೋಟವೊಂದಿದೆ. ಒಟ್ಲುಪಾತಿಯ ಬದುವಿನ ಮೇಲೆ ಹೆಂಗಸೊಬ್ಬಳು ಕೂತು, ಮಂಕರಿಯಲ್ಲಿ ಮರಳು ತುಂಬಿಕೊಂಡು, ಅದಕ್ಕೆ ಗುಳಿಗೆ ಔಷಧಿ ಸುರಿದು ಬರಿಗೈಯಲ್ಲಿ ಕಲಸುತ್ತಿರುತ್ತಾಳೆ. ಆಕೆ ನಾಲ್ಕೈದು ತಿಂಗಳ ಬಸುರಿಯಾಗಿದ್ದರೂ ಅಚ್ಚರಿಯಿಲ್ಲ. "ಯಾಕಕ್ಕ, ಇದನ್ನ ಮನೆಯವರು ಮಾಡಬಾರದೆ?" ಎಂದು ಕೇಳಿದರೆ ಬರುವ ಉತ್ತರ ಒಂದೇ: "ಇದೇನ್ ಭಾರದ ಕೆಲ್ಸವಾ ಬುಡಿ ಸಾಮಿ, ಕೂತ್ಕಂಡ್ ಮಾಡಾದು."

ಮಾತಿನಲ್ಲಿ ಸುಳ್ಳಿಲ್ಲ. ಬಸುರಿ ಹೆಂಗಸಿಗೆ ಹೊರೆ ಹೊರಿಸಬಾರದು, ಬಗ್ಗಿ ನಾಟಿ ಹಾಕಿಸಬಾರದು ಎಂಬ ಕರುಣೆಯಿಂದಲೇ ಮನೆಯವರು ಹಗುರ ಕೆಲಸ ಕೊಡುತ್ತಾರೆ. ಔಷಧಿ ಬೆರೆಸುವುದು, ಸಿಂಪರಣೆ ಪಂಪಿಗೆ ನೀರು ತುಂಬುವುದು, ಸಂಜೆ ಗಂಡನ ಬಟ್ಟೆ ಒಗೆಯುವುದು, ಇವು ನಮ್ಮ ಲೆಕ್ಕದಲ್ಲಿ ಹಗುರ ಕೆಲಸಗಳು. ಆದರೆ ಹೊಟ್ಟೆಯಲ್ಲಿ ಕೂಸಿರುವಾಗ ಭಾರದ ಕೆಲಸಕ್ಕಿಂತ ಈ ಹಗುರ ಕೆಲಸವೇ ಹೆಚ್ಚು ಕೆಡುಕು ಮಾಡಬಹುದೇನೋ ಎಂಬ ಶಂಕೆ ಈಗ ಬಲವಾಗಿದೆ. ಗರ್ಭಕಾಲದ ಸಕ್ಕರೆ ಕಾಯಿಲೆಗೂ ಪರಿಸರದಲ್ಲಿರುವ ವಿಷ ರಾಸಾಯನಿಕಗಳಿಗೂ ನಂಟಿದೆಯೇ ಎಂದು ಹಲವು ದೇಶಗಳಲ್ಲಿ ಪರೀಕ್ಷೆಗಳು ನಡೆದಿವೆ.

ಕರಗದೆ ಉಳಿಯುವ ವಿಷ

ನಮ್ಮ ಸೀಮೆಗೆ ಈ ರಾಸಾಯನಿಕಗಳು ಮೊದಲು ಬಂದದ್ದು ಉಪಕಾರಿಗಳಾಗಿಯೇ. 1930ರ ದಶಕದಲ್ಲಿ, ಆಗ ಇರ್ವಿನ್ ನಾಲೆ ಎನಿಸಿದ್ದ ವಿಶ್ವೇಶ್ವರಯ್ಯ ನಾಲೆಯಲ್ಲಿ ನೀರು ಹರಿದಾಗ ಬತ್ತ ಕಬ್ಬುಗಳ ಜೊತೆಗೆ ಮಲೇರಿಯಾವೂ ಬಂತು. ಮುಂದೆ 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಆರಂಭವಾಗಿ ಮನೆಮನೆಯ ಗೋಡೆಗೆ ಡಿ.ಡಿ.ಟಿ. ಹೊಡೆದರು. ಚಳಿಜ್ವರ ಹಿಂಜರಿಯಿತು, ಎಷ್ಟೋ ಜೀವ ಉಳಿಯಿತು. ಇದನ್ನು ಅಲ್ಲಗಳೆಯುವುದು ಅನ್ಯಾಯವಾದೀತು. ಬಳಿಕ ಅದೇ ಡಿ.ಡಿ.ಟಿ., ಅದರ ಬೆನ್ನಿಗೆ ಬಿ.ಎಚ್.ಸಿ. ಪುಡಿ ಹೊಲಗದ್ದೆಗೂ ಇಳಿದವು. ಬಿ.ಎಚ್.ಸಿ.ಯನ್ನು ಗ್ಯಾಮಕ್ಸಿನ್ ಎಂದರೆ ಹಿರಿಯರಿಗೆ ಬೇಗ ನೆನಪಾದೀತು.

ಇವುಗಳ ಗುಣವೇ ಇವುಗಳ ದೋಷ. ಇವು ಮಳೆಗೆ ಕೊಚ್ಚಿಹೋಗುವುದಿಲ್ಲ, ಬಿಸಿಲಿಗೆ ಬೇಗ ಸಾಯುವುದಿಲ್ಲ. ನೀರಿನಲ್ಲಿ ಕರಗವು, ಕೊಬ್ಬಿನಲ್ಲಿ ಕರಗುತ್ತವೆ. ಹುಲ್ಲಿಗೆ ಬಿದ್ದದ್ದು ಹಸುವಿನ ಮೈಗೆ, ಅಲ್ಲಿಂದ ಹಾಲು ಬೆಣ್ಣೆಗೆ, ಬೆಣ್ಣೆಯಿಂದ ನಮ್ಮ ಮೈಕೊಬ್ಬಿಗೆ ಸೇರಿ ವರ್ಷಗಟ್ಟಲೆ ಅಲ್ಲೇ ಬೀಡುಬಿಡುತ್ತವೆ. ತಾಯಿಯಿಂದ ಹೊಕ್ಕುಳಬಳ್ಳಿಯ ಮೂಲಕ ಕೂಸಿಗೂ ದಾಟುತ್ತವೆ. ವ್ಯವಸಾಯದಲ್ಲಿ ಡಿ.ಡಿ.ಟಿ. ಬಳಕೆ 1989ರಲ್ಲಿ ನಿಂತಿತು. ಸೊಳ್ಳೆ ನಿವಾರಣೆಗೆ ಮಾತ್ರ ಅನುಮತಿ ಉಳಿಯಿತು. ಬಿ.ಎಚ್.ಸಿ. 1997ರಲ್ಲಿ ನಿಷೇಧವಾಯಿತು. ಕನ್ನಡಿಗರು ಬಾಳುವ ಕಾಸರಗೋಡಿನ ಪಡ್ರೆಯ ಸುತ್ತ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಇಪ್ಪತ್ತಕ್ಕೂ ಹೆಚ್ಚು ವರ್ಷ ಸುರಿದ ಎಂಡೋಸಲ್ಫಾನಿಗೆ 2011ರಲ್ಲಿ ಸುಪ್ರೀಂ ಕೋರ್ಟು ತಡೆ ಹಾಕಿತು. ಆ ಊರಿನ ಸಂಕಟದ ಕಥೆಯೇ ಬೇರೆ, ಅಲ್ಲಿ ಕಂಡದ್ದು ಬೇರೆ ಬಗೆಯ ಕಾಯಿಲೆಗಳು. ಆದರೆ ಡಬ್ಬದ ಮೇಲೆ ಬರೆಯದಿರುವ ಕೆಡುಕು ಊರಿನ ಮೈಯಲ್ಲಿ ಎಷ್ಟು ತಡವಾಗಿ ಕಾಣಿಸಿಕೊಳ್ಳುತ್ತದೆ ಎಂಬುದಕ್ಕೆ ಅದು ಸಾಕ್ಷಿ.

ಬಸುರಿನಲ್ಲಿ ಸಕ್ಕರೆ ಏಕೆ?

ಊಟದ ಸಕ್ಕರೆಯನ್ನು ರಕ್ತದಿಂದ ಮೈಯ ಕಣಕಣಕ್ಕೆ ಮುಟ್ಟಿಸುವುದು ಮೇದೋಜೀರಕ ಗ್ರಂಥಿಯಿಂದ ಬರುವ ಇನ್ಸುಲಿನ್. ಐದಾರನೆಯ ತಿಂಗಳ ಹೊತ್ತಿಗೆ ಮಾಸುಚೀಲದಿಂದ ಹೊರಡುವ ರಸಗಳು ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡ ಬರುತ್ತವೆ. ಕೂಸಿಗೆ ಆಹಾರ ಧಾರಾಳವಾಗಿ ಸಿಗಲೆಂದು ಪ್ರಕೃತಿ ಮಾಡಿದ ಏರ್ಪಾಡು ಅದು. ಗ್ರಂಥಿ ಹೆಚ್ಚು ದುಡಿದು ಸರಿದೂಗಿಸಿದರೆ ತೊಂದರೆಯಿಲ್ಲ. ದುಡಿಯಲಾರದ ತಾಯಿಯ ರಕ್ತದಲ್ಲಿ ಸಕ್ಕರೆ ಏರುತ್ತದೆ. ಮೈಕೊಬ್ಬಿನಲ್ಲಿರುವ ವಿಷಗಳು ಒಂದು ಕಡೆ ಇನ್ಸುಲಿನ್ನಿಗೆ ಅಡ್ಡಿ ಮಾಡಿ, ಇನ್ನೊಂದು ಕಡೆ ಗ್ರಂಥಿಯನ್ನೇ ದಣಿಸುತ್ತವೆ ಎಂಬುದು ವಿಜ್ಞಾನಿಗಳ ತರ್ಕ. ಮೊದಲೇ ಏರು ಹತ್ತುತ್ತಿರುವ ಎತ್ತಿನ ಗಾಡಿಗೆ ಇನ್ನೆರಡು ಮೂಟೆ ಹೇರಿದ ಹಾಗೆ.

ತರ್ಕ ಸರಿ, ಪುರಾವೆ ಏನು? ಗ್ರೀಸಿನ ಕ್ರೀಟ್ ದ್ವೀಪದಲ್ಲಿ ಒಂಬೈನೂರಕ್ಕೂ ಹೆಚ್ಚು ಗರ್ಭಿಣಿಯರ ರಕ್ತ ಪರೀಕ್ಷಿಸಿ 2017ರಲ್ಲಿ ವರದಿ ಪ್ರಕಟಿಸಿದರು. ಪಿ.ಸಿ.ಬಿ. ಎಂಬ ರಾಸಾಯನಿಕ ಹೆಚ್ಚಿದ್ದವರಲ್ಲಿ ಗರ್ಭಕಾಲದ ಸಕ್ಕರೆ ಕಾಯಿಲೆ ಹೆಚ್ಚಾಗಿತ್ತು. ಆದರೆ ಡಿ.ಡಿ.ಟಿ.ಯ ಉಳಿಕೆಯೊಂದಿಗೆ ಅಂಥ ಸ್ಪಷ್ಟ ನಂಟು ಅಲ್ಲಿ ಕಾಣಲಿಲ್ಲ. ಕೆನಡಾದ ಪರೀಕ್ಷೆಯಲ್ಲಿಯೂ ಹೆಚ್ಚಿನ ರಾಸಾಯನಿಕಗಳ ವಿಷಯದಲ್ಲಿ ಗಟ್ಟಿ ನಂಟು ಸಿಗಲಿಲ್ಲ. ಆದ್ದರಿಂದ "ಡಿ.ಡಿ.ಟಿ.ಯಿಂದಲೇ ಬಸುರಿಯರಿಗೆ ಸಕ್ಕರೆ ಬಂತು" ಎಂದು ಯಾರಾದರೂ ಭಾಷಣ ಮಾಡಿದರೆ ಪೂರ್ತಿ ನಂಬಬೇಕಾಗಿಲ್ಲ. ಪಿ.ಸಿ.ಬಿ. ಎಂದರೆ ಹಳೆಯ ಕಾಲದ ಟ್ರಾನ್ಸ್‌ಫಾರ್ಮರ್ ಎಣ್ಣೆಗಳಲ್ಲಿ ಬಳಕೆಯಾದದ್ದು. ಕೀಲುನೋವಿಗೆಂದು ಆ ಎಣ್ಣೆ ಹಚ್ಚಿಕೊಳ್ಳುವವರು ಇದನ್ನು ಗಮನಿಸತಕ್ಕದ್ದು.

ರೈತ ಮನೆತನಗಳಿಗೆ ನೇರವಾಗಿ ತಟ್ಟುವ ಲೆಕ್ಕ ಅಮೆರಿಕದ ಅಯೋವಾ ಮತ್ತು ಉತ್ತರ ಕೆರೋಲಿನಾ ರಾಜ್ಯಗಳದು. ಅಲ್ಲಿ 11,273 ಹೆಂಗಸರನ್ನು ವಿಚಾರಿಸಿದಾಗ 506 ಮಂದಿ ತಮಗೆ ಬಸುರಿನಲ್ಲಿ ಸಕ್ಕರೆ ಬಂದಿತ್ತು ಎಂದರು. ಬಸುರಿನ ಮೊದಲ ಮೂರು ತಿಂಗಳಲ್ಲಿ ಹೊಲಕ್ಕೆ ಔಷಧಿ ಬೆರೆಸಿದವರು, ಹೊಡೆದವರು ಅಥವಾ ಆ ಸಲಕರಣೆ ರಿಪೇರಿ ಮಾಡಿದವರಲ್ಲಿ ಕಾಯಿಲೆಯ ಸಂಭವ ಇತರರಿಗಿಂತ ಎರಡು ಪಟ್ಟಿಗೂ ಸ್ವಲ್ಪ ಹೆಚ್ಚಿತ್ತು. ಮನೆಯಲ್ಲಿ, ಕೈತೋಟದಲ್ಲಿ ಅಷ್ಟಿಷ್ಟು ಬಳಸಿದವರಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. 2007ರಲ್ಲಿ ಪ್ರಕಟವಾದ ಆ ವರದಿಯಲ್ಲಿ ಹೆಸರಿಸಿದ ಕೀಟನಾಶಕಗಳಲ್ಲಿ ಫೋರೇಟ್ ಮತ್ತು ಕಾರ್ಬೋಫ್ಯುರಾನ್ ಸೇರಿವೆ. ಅಂದರೆ ನಮ್ಮ ಬತ್ತ ಕಬ್ಬಿನ ರೈತರು ಥಿಮೆಟ್, ಫ್ಯುರಡಾನ್ ಎಂದು ಕೇಳಿ ಕೊಳ್ಳುತ್ತಿದ್ದ ಗುಳಿಗೆಗಳೇ. ಇವು ಡಿ.ಡಿ.ಟಿ.ಯ ಹಾಗೆ ದಶಕಗಟ್ಟಲೆ ಉಳಿಯುವ ಜಾತಿಯಲ್ಲ, ಆದರೆ ವಿಷದ ತೀಕ್ಷ್ಣತೆ ಹೆಚ್ಚು. ಫೋರೇಟ್ ಮಾರಾಟ, ಬಳಕೆ ನಮ್ಮ ದೇಶದಲ್ಲಿ 2020ರ ಕೊನೆಗೆ ನಿಷೇಧವಾಗಿದೆ. ಹಳೆಯ ದಾಸ್ತಾನು ಕೊಟ್ಟಿಗೆಯ ಅಟ್ಟದಲ್ಲಿ ಇದ್ದರೆ ಅದು ಬೇರೆ ಮಾತು, ಇರುವ ಮನೆಗಳೂ ಇಲ್ಲದಿಲ್ಲ.

ಮೈಸೂರಿನಲ್ಲೇ ಸಿಕ್ಕ ಲೆಕ್ಕ

ಸಕ್ಕರೆ ಕಾಯಿಲೆ ಪೇಟೆಯ ಸಾಹುಕಾರರದು ಎಂಬ ಮಾತು ಈಗ ನಡೆಯದು. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ, ಅದೇ ಜನರ ಬಾಯಲ್ಲಿ ಮಿಷನ್ ಆಸ್ಪತ್ರೆ, 1997-98ರಲ್ಲಿ ಗರ್ಭಿಣಿಯರನ್ನು ಪರೀಕ್ಷಿಸಿದಾಗ ನೂರಕ್ಕೆ ಆರು ಮಂದಿಯಲ್ಲಿ ಈ ಕಾಯಿಲೆ ಕಂಡಿತು. ಆ ಅಧ್ಯಯನದ ಉದ್ದೇಶ ರಾಸಾಯನಿಕಗಳಲ್ಲ, ತಾಯಿಯ ಸಕ್ಕರೆಯೂ ಪೋಷಣೆಯೂ ಮಗುವಿನ ಮೇಲೆ ಏನು ಮಾಡುತ್ತವೆ ಎಂಬುದು. ಅದರಲ್ಲಿ ಸಿಕ್ಕ ಉತ್ತರ ಮಾತ್ರ ನಡುಕ ಹುಟ್ಟಿಸುವಂಥದು. ಬಸುರಿನಲ್ಲಿ ಸಕ್ಕರೆ ಬಂದು ಹೋದ ತಾಯಂದಿರಲ್ಲಿ ನೂರಕ್ಕೆ 37 ಮಂದಿಗೆ ಐದೇ ವರ್ಷದಲ್ಲಿ ಕಾಯಂ ಸಕ್ಕರೆ ಕಾಯಿಲೆ ಅಂಟಿತ್ತು. ಉಳಿದವರಲ್ಲಿ ಅದು ನೂರಕ್ಕೆ ಎರಡು. ಅವರ ಹೆಣ್ಣುಮಕ್ಕಳು ಐದನೆಯ ವಯಸ್ಸಿಗೇ ಓರಗೆಯವರಿಗಿಂತ ಹೆಚ್ಚು ಕೊಬ್ಬು ಕಟ್ಟಿಕೊಂಡಿದ್ದರು.

ಮನೆಯಲ್ಲಿ ಆಗಬೇಕಾದದ್ದು

ಮೈಗೆ ಸೇರಿದ ಹಳೆಯ ಡಿ.ಡಿ.ಟಿ.ಯನ್ನು ತೆಗೆಯುವ ಮದ್ದಿಲ್ಲ, ಹಾಗೆ ಮಾರುವವರನ್ನು ನಂಬಬೇಡಿ. ಎದೆಹಾಲಿನಲ್ಲಿ ಅದರ ಅಂಶವಿದ್ದೀತೆಂದು ಹೆದರಿ ಹಾಲು ಬಿಡಿಸುವುದಂತೂ ಕೂಡದು. ಎದೆಹಾಲಿನ ಲಾಭ ಆ ಭಯಕ್ಕಿಂತ ಬಲು ದೊಡ್ಡದು. ಹೊಸದಾಗಿ ಸೇರುವುದನ್ನು ತಡೆಯುವುದು ನಮ್ಮ ಕೈಯಲ್ಲಿದೆ.

ಮೊದಲ ಮೂರು ತಿಂಗಳು ಬಹು ಸೂಕ್ಷ್ಮ. ತೊಡಕೆಂದರೆ ಆಗ ಬಸುರು ಹೊರಗೆ ಕಾಣುವುದಿಲ್ಲ, ಹೆಣ್ಣುಮಗಳಿಗೇ ಒಮ್ಮೊಮ್ಮೆ ತಿಳಿದಿರುವುದಿಲ್ಲ. ಆದ್ದರಿಂದ ಮುಟ್ಟು ತಪ್ಪಿದ ಕೂಡಲೇ, ಮಗು ಬಯಸುವವರಾದರೆ ಅದಕ್ಕೂ ಮೊದಲೇ, ಔಷಧಿಯ ಕೆಲಸದಿಂದ ದೂರವಿರಿಸಬೇಕು. ಬೆರೆಸುವುದು, ಗುಳಿಗೆ ಎರಚುವುದು, ಪಂಪು ತೊಳೆಯುವುದು ಗಂಡಸಿನ ಪಾಲಿಗಿರಲಿ, ಅದೂ ಕೈಚೀಲ ತೊಟ್ಟು. ಸಿಂಪರಣೆ ಮಾಡಿದ ಬಟ್ಟೆಯನ್ನು ಹೊಡೆದವರೇ ಬೇರೆಯಾಗಿ ಒಗೆದುಕೊಳ್ಳಲಿ. ಅತ್ತೆಯವರು ಇದಕ್ಕೆ ಮುಖ ಸಿಂಡರಿಸಿದರೆ ಹುಟ್ಟುವ ಮೊಮ್ಮಗುವಿನ ಹೆಸರು ಹೇಳಿ.

ಔಷಧಿಯ ಡಬ್ಬ ತೊಳೆದು ಎಣ್ಣೆಗೆ, ನೀರಿಗೆ ಬಳಸುವ ರೂಢಿ ನಾಗಮಂಗಲ, ಕೃಷ್ಣರಾಜಪೇಟೆಯ ಬೆದ್ದಲು ಸೀಮೆಯಲ್ಲೇ ಆಗಲಿ, ಇಲ್ಲಿಯೇ ಆಗಲಿ, ಪೂರ್ತಿ ನಿಲ್ಲಬೇಕು. ಆಲೆಮನೆಯ ಒಲೆಗೆ ರಚ್ಚಿನ ಜೊತೆ ಹಳೆ ಟೈರು, ಪ್ಲಾಸ್ಟಿಕ್ ತುರುಕುವವರಿದ್ದಾರೆ. ಆ ಹೊಗೆಯಲ್ಲಿ ಹುಟ್ಟುವ ಡಯಾಕ್ಸಿನ್ ಕೂಡ ಡಿ.ಡಿ.ಟಿ.ಯಂತೆಯೇ ಕರಗದ ವಿಷ.

ಇನ್ನು ಪರೀಕ್ಷೆ. ಗರ್ಭಿಣಿ ಮೊದಲ ಸಲ ಆಸ್ಪತ್ರೆಗೆ ಹೋದಾಗಲೇ ಒಮ್ಮೆ, ಅದು ಸರಿಯಿದ್ದರೆ 24ರಿಂದ 28ನೆಯ ವಾರದೊಳಗೆ ಇನ್ನೊಮ್ಮೆ ಸಕ್ಕರೆ ಪರೀಕ್ಷೆ ಆಗಬೇಕೆಂದು ಕೇಂದ್ರ ಆರೋಗ್ಯ ಇಲಾಖೆಯ ಸೂಚನೆಯಿದೆ. ಬರಿಹೊಟ್ಟೆಯಲ್ಲಿ ಹೋಗಬೇಕೆಂಬ ಕಟ್ಟಿಲ್ಲ. 75 ಗ್ರಾಂ ಗ್ಲೂಕೋಸನ್ನು ನೀರಿನಲ್ಲಿ ಕದಡಿ ಕುಡಿಸಿ, ಎರಡು ಗಂಟೆಯ ಬಳಿಕ ರಕ್ತ ನೋಡುತ್ತಾರೆ. ಲೆಕ್ಕ 140 ಅಥವಾ ಮೇಲಿದ್ದರೆ ಕಾಯಿಲೆಯಿದೆ ಎಂದರ್ಥ. ಬಹುಪಾಲು ತಾಯಂದಿರಿಗೆ ಊಟದ ಪಥ್ಯ, ನಡಿಗೆಗಳಲ್ಲೇ ಹತೋಟಿಗೆ ಬರುತ್ತದೆ, ಕೆಲವರಿಗೆ ಮಾತ್ರೆ ಅಥವಾ ಇನ್ಸುಲಿನ್ ಬೇಕಾಗುತ್ತದೆ. ಪ್ರತಿ ತಿಂಗಳ 9ನೆಯ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರ ತಪಾಸಣೆ ಉಚಿತ. ಹೆರಿಗೆಯಾಗಿ ಆರು ವಾರಕ್ಕೆ ಮತ್ತೊಮ್ಮೆ ಪರೀಕ್ಷೆ ಮಾಡಿಸಬೇಕು. ಕೂಸು ಗುಂಡಗಿದೆ, ತಾಯಿ ಗಟ್ಟಿಮುಟ್ಟಾಗಿದ್ದಾಳೆ ಎಂದು ಮನೆಯವರು ತಪ್ಪಿಸುವುದು ಇದನ್ನೇ. ಮೈಸೂರಿನ ಆ ಲೆಕ್ಕದಲ್ಲಿ 1997-98ರಲ್ಲಿ ಹುಟ್ಟಿದ ಹೆಣ್ಣುಮಕ್ಕಳು ಈಗ ತಾವೇ ಬಸುರಿಯರಾಗುವ ವಯಸ್ಸಿಗೆ ಬಂದಿದ್ದಾರೆ.