ಕಡತದಲ್ಲಿ ಇಲ್ಲದ ಸಾಲು

ಬ್ರಹ್ಮಸಮುದ್ರ, ಕಲ್ಯಾಣದುರ್ಗದಿಂದ ಹಿಂದೂಪುರದವರೆಗೆ ಹಬ್ಬಿದ ಸೀಮೆಯಲ್ಲಿ ರೊದ್ದಂ ಎಂಬ ಊರಿದೆ. ಆ ಊರಿನ ಹೆಸರು ಹೊತ್ತ ಮನೆತನದವರು ವಿಜ್ಞಾನಿ ರೊದ್ದಂ ನರಸಿಂಹ. ತಂದೆ ಆರ್.ಎಲ್. ನರಸಿಂಹಯ್ಯ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಮೇಷ್ಟರು, ಕನ್ನಡದಲ್ಲಿ ವಿಜ್ಞಾನ ಬರೆದವರು. ಗಾಳಿಯ ಹರಿವನ್ನು ಜೀವಮಾನವಿಡೀ ಅಭ್ಯಾಸ ಮಾಡಿದ ಮಗನ ಪಾಲಿಗೆ 2011ರ ಫೆಬ್ರುವರಿಯಲ್ಲಿ ಬೇರೆಯದೇ ಕೆಲಸ ಬಂತು. ಸರ್ಕಾರದ ಪರಿಶೀಲನಾ ಸಮಿತಿಯಲ್ಲಿ ಬಿ.ಕೆ. ಚತುರ್ವೇದಿಯವರ ಜೊತೆ ಕೂತು ಒಂದು ಒಪ್ಪಂದದ ಕಡತಗಳನ್ನು ಓದಬೇಕಿತ್ತು.

ಒಪ್ಪಂದ ನಡೆದದ್ದು ಬೆಂಗಳೂರಿನಲ್ಲಿ, 2005ರ ಜನವರಿ 28ರಂದು. ಒಂದು ಕಡೆ ಇಸ್ರೋದ ವಾಣಿಜ್ಯ ಸಂಸ್ಥೆ ಆಂಟ್ರಿಕ್ಸ್, ಇನ್ನೊಂದು ಕಡೆ ದೇವಾಸ್ ಮಲ್ಟಿಮೀಡಿಯಾ. ದೇವಾಸ್ ಹುಟ್ಟಿ ಆಗಿನ್ನೂ ಒಂದೂವರೆ ತಿಂಗಳು ತುಂಬಿರಲಿಲ್ಲ. ಎರಡು ಉಪಗ್ರಹಗಳ ಎಸ್-ಬ್ಯಾಂಡ್ ಸಾಮರ್ಥ್ಯದ ಬಹುಪಾಲು, 70 ಮೆಗಾಹರ್ಟ್ಸ್ ತರಂಗಾಂತರ, 12 ವರ್ಷಕ್ಕೆ ಆ ಕಂಪನಿಗೆ ಸಿಗಲಿತ್ತು.

ಇಬ್ಬರೂ ಕಡತದಲ್ಲಿ ಕಂಡದ್ದು ಒಂದು ಮೌನ. ಮೊದಲ ಉಪಗ್ರಹ ಜಿಸ್ಯಾಟ್-6ಕ್ಕೆ 269 ಕೋಟಿ ರೂಪಾಯಿ ಕೇಳಿ ಅದೇ ವರ್ಷ ಸಚಿವ ಸಂಪುಟಕ್ಕೆ ಟಿಪ್ಪಣಿ ಹೋಗಿತ್ತು. ಉಪಗ್ರಹದ ಬಹುಪಾಲು ಆಗಲೇ ಒಬ್ಬರಿಗೆ ಮಾತು ಕೊಟ್ಟಾಗಿದೆ ಎಂಬ ಸಾಲು ಅದರಲ್ಲಿ ಇರಲಿಲ್ಲ. ಒಪ್ಪಂದವನ್ನೂ ಟಿಪ್ಪಣಿಯನ್ನೂ ಪಕ್ಕಪಕ್ಕ ಇಟ್ಟು ಓದಿದವರಿಗಷ್ಟೇ ಇದು ಗೊತ್ತಾಗುತ್ತಿತ್ತು.

ಆದರೆ 2011ರಲ್ಲಿ ಸರ್ಕಾರ ಒಪ್ಪಂದ ರದ್ದು ಮಾಡುವಾಗ ವಂಚನೆಯ ಮಾತೆತ್ತಲಿಲ್ಲ. ದೇಶದ ಆಯಕಟ್ಟಿನ ಅಗತ್ಯಕ್ಕೆ ತರಂಗಾಂತರ ಬೇಕು ಎಂದಷ್ಟೇ ಹೇಳಿತು. ದೇವಾಸ್ ಅಂತರರಾಷ್ಟ್ರೀಯ ಮಧ್ಯಸ್ಥಿಕೆಗೆ ಹೋಯಿತು. 2015ರ ಸೆಪ್ಟೆಂಬರ್‌ನಲ್ಲಿ ತೀರ್ಪು ಬಂತು: ಆಂಟ್ರಿಕ್ಸ್ 56.25 ಕೋಟಿ ಡಾಲರ್ ಕೊಡಬೇಕು, ಮೇಲೆ ಬಡ್ಡಿ.

ಸಿಬಿಐ ಪ್ರಕರಣ ದಾಖಲಾದದ್ದೂ ಅದೇ ವರ್ಷ. ತನಿಖೆ ಹಣದ ದಾರಿ ಹಿಡಿಯಿತು. ವಿದೇಶಿ ಹೂಡಿಕೆಯಾಗಿ ಬಂದ 579 ಕೋಟಿ ರೂಪಾಯಿಯಲ್ಲಿ ಸುಮಾರು ಶೇ 85ರಷ್ಟು ಅಮೆರಿಕದ ಅಂಗಸಂಸ್ಥೆ, ಸೇವಾ ಶುಲ್ಕ, ವಕೀಲರ ಖರ್ಚು ಎಂಬ ಹೆಸರುಗಳಲ್ಲಿ ಮತ್ತೆ ಹೊರಗೆ ಹೋಗಿತ್ತು. ಕೊಡುತ್ತೇವೆಂದ ತಂತ್ರಜ್ಞಾನ ಸಹಿ ಹಾಕಿದ ದಿನ ಅಸ್ತಿತ್ವದಲ್ಲೇ ಇರಲಿಲ್ಲ ಎಂಬುದೂ ನ್ಯಾಯಪೀಠದ ಮುಂದೆ ಬಂತು.

2021ರ ಮೇ 25ರಂದು ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಯ ಬೆಂಗಳೂರು ಪೀಠ ವಂಚನೆಯ ಕಾರಣಕ್ಕೆ ದೇವಾಸ್ ಕಂಪನಿಯನ್ನೇ ಮುಚ್ಚಲು ಆದೇಶಿಸಿತು. 2022ರ ಜನವರಿ 17ರಂದು ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಅದೇ ವರ್ಷದ ಆಗಸ್ಟ್‌ನಲ್ಲಿ ದೆಹಲಿ ಹೈಕೋರ್ಟ್ ಮಧ್ಯಸ್ಥಿಕೆಯ ತೀರ್ಪನ್ನೂ ತಳ್ಳಿಹಾಕಿತು.

ಅಷ್ಟರಲ್ಲಿ ವ್ಯಾಜ್ಯ ಗಡಿ ದಾಟಿಯಾಗಿತ್ತು. ಅಮೆರಿಕದ ಜಿಲ್ಲಾ ನ್ಯಾಯಾಲಯವೊಂದು 2020ರಲ್ಲೇ ಆ ತೀರ್ಪನ್ನು ಮಾನ್ಯ ಮಾಡಿತ್ತು. ಬಡ್ಡಿ ಸೇರಿ ಮೊತ್ತ ಸುಮಾರು 129 ಕೋಟಿ ಡಾಲರ್ ಆಗಿತ್ತು. ಮೇಲ್ಮನವಿ ನ್ಯಾಯಾಲಯ ಅದನ್ನು ತಡೆದರೂ, ಆಂಟ್ರಿಕ್ಸ್‌ಗೂ ಅಮೆರಿಕಕ್ಕೂ ಸಾಕಷ್ಟು ನಂಟಿಲ್ಲವೆಂಬ ಆ ಕಾರಣ ಸಾಲದು ಎಂದು ಅಲ್ಲಿನ ಸುಪ್ರೀಂ ಕೋರ್ಟ್ 2025ರ ಜೂನ್‌ನಲ್ಲಿ ಹೇಳಿತು.

ವಂಚನೆ ನಡೆದಿದ್ದರೆ ಅದನ್ನು ಮೊದಲ ದಿನವೇ, ಮೊದಲ ನೋಟಿಸಿನಲ್ಲೇ ಹೇಳಬೇಕು. ಮೊದಲು ಒಂದು ಕಾರಣ ಕೊಟ್ಟು ಹತ್ತು ವರ್ಷದ ಮೇಲೆ ಇನ್ನೊಂದನ್ನು ಮುಂದಿಟ್ಟರೆ, ನಮ್ಮ ನ್ಯಾಯಾಲಯ ಒಪ್ಪಿದರೂ ಹೊರಗಿನವರು ಒಪ್ಪುವ ಖಾತ್ರಿಯಿಲ್ಲ. ಹಾಲಿನ ಸಹಕಾರ ಸಂಘವಿರಲಿ, ದೊಡ್ಡ ನಿಗಮವಿರಲಿ, ಆಡಳಿತ ಮಂಡಳಿಯಲ್ಲಿ ಕೂತವರೇ, ಸಹಿ ಹಾಕುವ ಮುನ್ನ ಕರಾರುಪತ್ರವನ್ನೂ ಅದನ್ನು ಸಮರ್ಥಿಸುವ ಟಿಪ್ಪಣಿಯನ್ನೂ ಒಟ್ಟಿಗೆ ಓದಿ. ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ಲದ ಸಾಲು ಕಂಡರೆ, ಅಲ್ಲಿಯೇ ನಿಲ್ಲಿಸಿ ಕೇಳಿ.